ಪಾತ್ರೆ ಒರೆಸುವ ಬಟ್ಟೆ

ಬೋರಾ ಗಾಳಿ ಎದ್ದ ದಿನ ತ್ರಿಯೆಸ್ತೆಯ ಬೀದಿಗಳಲ್ಲಿ
ಹಿಂದೆಲ್ಲ ಹಗ್ಗ ಕಟ್ಟುತ್ತಿದ್ದರಂತೆ,
ಜನ ಹಿಡಿದು ನಡೆಯಲಿ ಎಂದು.
ಈಗ ಹಗ್ಗವಿಲ್ಲ. ಲಿವಿಯೋನ ಕೋಟಿನ ಬೆಲ್ಟು ಹಿಡಿದೆ.
ಬೆಳಗಿನಿಂದ ಮಾತು ಬಿಟ್ಟಿದ್ದೆವು;
ಬೆಲ್ಟಿಗೆ ಮಾತು ಬೇಕಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಸರಿ.
ಉಣ್ಣುವಾಗ ಅವನ ಫೋನು, ಮಲಗುವಾಗ ನನ್ನದು.
ಹೀಗಾಗಿ ಮೂರು ವರ್ಷದ ಹಿಂದಿನ ಒಂದು ಜಗಳ
ಇನ್ನೂ ತನಿಖೆಯ ಹಂತದಲ್ಲೇ ಇದೆ.

ಮನೆಬಾಗಿಲಲ್ಲಿ ನಮ್ಮದೊಂದು ಕಾನೂನು:
ಬೂಟಿನ ಜೊತೆ ಸತ್ತವರನ್ನೂ ಹೊರಗೇ ಬಿಡಬೇಕು.
ಮೀರಿದವರು ಪಾತ್ರೆ ತೊಳೆಯಬೇಕು.
ಹೆಚ್ಚಿನ ರಾತ್ರಿ ಇಬ್ಬರೂ ತೊಳೆಯುತ್ತೇವೆ.
ಒರೆಸಿದ ಬಟ್ಟೆಯನ್ನು ಅವನು ಮುದ್ದೆ ಮಾಡಿ
ಸಿಂಕಿನ ಪಕ್ಕ ಎಸೆಯುತ್ತಾನೆ.
ನಾನು ಬಿಡಿಸಿ, ಕೊಡವಿ, ಮೂಲೆ ಹಿಡಿದು
ಮೊಳೆಗೆ ಸಿಕ್ಕಿಸುತ್ತೇನೆ.
ಹದಿನಾಲ್ಕು ವರ್ಷ. ಅವನ ಮುದ್ದೆ, ನನ್ನ ಮೊಳೆ.

ಗಡಿಯಾರ ರಿಪೇರಿಯ ಎಗೋನ್ ಗ್ರುಡೆನ್
ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ,
ಒಂದೇ ಕಾಲಿನಲ್ಲಿ ಚಪ್ಪಲಿ.
ಹೆಂಡತಿ ವಾಂಡಾ ಅತ್ತು ಮುಗಿಸಿ ಹೇಳಿದಳು:
ರಾತ್ರಿ ಯಾರೂ ಬಂದಿಲ್ಲ, ನಾನು ಬೇಗ ಮಲಗಿದೆ,
ಕಾಫಿ ಕುಡಿದು ಕಪ್ಪು ತೊಳೆದಿಟ್ಟವನು ಅವನೇ,
ನಲವತ್ತು ವರ್ಷದಿಂದ ಅವನೇ.
ಲಿವಿಯೋ ಮೆಟ್ಟಿಲು ಎಣಿಸಿದ, ಬಲ್ಬು ನೋಡಿದ, ಬರೆದುಕೊಂಡ.
ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ.

ಒಲೆಯ ಸರಳಿನ ಮೇಲೆ ಬಟ್ಟೆ.
ಮೂರು ಮಡಿಕೆ, ಅಂಚಿಗೆ ಅಂಚು.

"ನಿಮ್ಮವರು ಬಟ್ಟೆ ಎಲ್ಲಿಡುತ್ತಿದ್ದರು?"
ಸಾವನ್ನೇ ಮರೆತವಳಂತೆ ರೇಗಿದಳು ವಾಂಡಾ:
"ಎಲ್ಲೆಂದರಲ್ಲಿ! ಕುರ್ಚಿಯ ಮೇಲೆ, ರೇಡಿಯೋದ ಮೇಲೆ,
ಒಮ್ಮೆ ಬ್ರೆಡ್ ಡಬ್ಬಿಯೊಳಗೆ. ಹೇಳಿ ಹೇಳಿ ನನ್ನ ಬಾಯಿ..."
ಬಾಯಿ ಅಲ್ಲಿಗೇ ನಿಂತಿತು.
ಕಣ್ಣು ಸರಳಿನ ಮೇಲೆ ಹೋಗಿ ಕೂತಿತು.
ಆ ಮಡಿಕೆ ಯಾರ ಕೈಯದೆಂದು
ನನಗಿಂತ ಮೊದಲು ಅವಳಿಗೆ ಗೊತ್ತಾಯಿತು.

ಮಧ್ಯಾಹ್ನ ಅವಳ ತಮ್ಮ ಎಲ್ಲ ಒಪ್ಪಿಕೊಂಡ.
ಹಡಗಿನ ಊಟದ ಕೋಣೆಯಲ್ಲಿ
ಮೂವತ್ತು ವರ್ಷ ಮೇಜುಬಟ್ಟೆ ಮಡಿಸಿದವನು.
ಸಾಲದ ಮಾತು, ಒಂದು ನೂಕು.
ಆಮೇಲೆ ಮೇಲೆ ಹತ್ತಿ ಹೋಗಿ ಕಪ್ಪು ತೊಳೆದಿದ್ದಾನೆ.
"ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ" ಎಂದ.
ಲಿವಿಯೋ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ,
ಎಷ್ಟೋ ದಿನದ ಮೇಲೆ.

ಐದೂವರೆಗೆ ಶಾಲೆಯ ಆಯಾ ಫೋನು ಮಾಡಿದಳು.
"ನೀನು ಕರೆತಂದೆ ಅಂದುಕೊಂಡೆ."
"ನೀನು."
ಓಂದಿನಾ ಗೇಟಿನೊಳಗೆ ಕೋಟು ತೊಟ್ಟು ಕೂತಿದ್ದಳು,
ಮುಷ್ಟಿಯಲ್ಲಿ ಆಗಷ್ಟೇ ಬಿದ್ದ ಹಲ್ಲು.
"ಮರೆತವರು ಯಾರು?"
ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ
ಇಬ್ಬರೂ ಹೆಗಲು ಒರೆಸಿಕೊಂಡೆವು.
ಲಿವಿಯೋ ಜೇಬಿನಿಂದ ಸಾಕ್ಷ್ಯದ ಪ್ಲಾಸ್ಟಿಕ್ ಚೀಲ ತೆಗೆದ,
ಹಲ್ಲು ಹಾಕಿದ, ತಾರೀಖು, ಸಮಯ, ಸ್ಥಳ ಬರೆದ.
ಅವಳು ನಗಲಿಲ್ಲ.
ಇಬ್ಬರೂ ಸಹಿ ಹಾಕಿ ಎಂದಳು.
ಗಾಳಿಗೆ ಬೆನ್ನು ಕೊಟ್ಟು, ಒಬ್ಬರ ಬೆನ್ನ ಮೇಲೆ ಒಬ್ಬರು
ಚೀಲ ಇಟ್ಟುಕೊಂಡು ಸಹಿ ಹಾಕಿದೆವು.

ರಾತ್ರಿ ಪಾತ್ರೆ. ಕಾನೂನು ಮೀರಿದ್ದೆವಲ್ಲ.
ಅವನು ಬಟ್ಟೆಯನ್ನು ನಿಧಾನವಾಗಿ ಬಿಡಿಸಿದ,
ಕೊಡವಿದ, ಮೂಲೆ ಹುಡುಕಿ ಮೊಳೆಗೆ ಸಿಕ್ಕಿಸಿದ.
ಏನೂ ಹೇಳದೆ ಹೋಗಿ ಮಲಗಿದ.

ನನಗೆ ನಿದ್ದೆ ಹತ್ತಲಿಲ್ಲ.
ಯಾರೋ ಹೊರಗಿನವರು ನಮ್ಮ ಮನೆಗೆ ಬಂದು ಹೋದಂತಿತ್ತು.
ಎದ್ದು ಹೋಗಿ, ದೀಪ ಹಾಕದೆ,
ಬಟ್ಟೆ ತೆಗೆದು ಮುದ್ದೆ ಮಾಡಿ
ಸಿಂಕಿನ ಪಕ್ಕ ಎಸೆದು ಬಂದೆ.

ಎರಡೂಕಾಲಿಗೆ ಫೋನು.
ಅವನದು.